ಮತವಿಲ್ಲದ ಸಭಾಸೇವಕ: ಬೆನಗಲ್ ನರಸಿಂಗ ರಾಯರು

ಮಹನೀಯರ ಜೀವನಚರಿತ್ರೆಯನ್ನು ಬರೆಯಹೊರಟವರು ಮೊದಲು ತಮ್ಮ ಅಲ್ಪಜ್ಞತೆಯನ್ನು ಅರಿಕೆ ಮಾಡಿಕೊಳ್ಳುವುದು ರೂಢಿ. ಆ ರೂಢಿಯನ್ನು ನಾನೂ ಪಾಲಿಸುತ್ತೇನೆ. ಅದರ ಜೊತೆಗೆ ಒಂದು ಸುಳ್ಳನ್ನೂ ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಆ ಸುಳ್ಳನ್ನು ನಾನು ಆಡದಿದ್ದರೆ ಬೆನಗಲ್ ನರಸಿಂಗ ರಾಯರ ಹೆಸರು ನನಗೆ ಪರೀಕ್ಷೆಯ ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ಮಾತ್ರ ಉಳಿದುಬಿಡುತ್ತಿತ್ತು.

ಕಳೆದ ವರ್ಷ ನಮ್ಮ ಕಾಲೇಜಿನ ರಾಜ್ಯಶಾಸ್ತ್ರ ವಿಭಾಗದವರು ಯುವ ಸಂಸತ್ತನ್ನು ಏರ್ಪಡಿಸಿದ್ದುದು ಸಹಪಾಠಿ ಮಿತ್ರರಿಗೆ ನೆನಪಿರಬಹುದು. ಪ್ರಧಾನಮಂತ್ರಿ, ವಿರೋಧಪಕ್ಷದ ನಾಯಕ, ಸಭಾಧ್ಯಕ್ಷ, ಗೃಹಮಂತ್ರಿ ಎಂದು ಒಬ್ಬೊಬ್ಬರ ಹೆಸರನ್ನೂ ಓದುತ್ತ ಬಂದರು. ನನ್ನ ಹೆಸರು ಬಂದದ್ದು ಪಟ್ಟಿಯ ತುದಿಯಲ್ಲಿ. ಸದಸ್ಯರು ಬರೆದುಕೊಟ್ಟ ಚೀಟಿಯನ್ನು ಸಭಾಧ್ಯಕ್ಷರಿಗೂ, ಮಂತ್ರಿಗಳು ಕೇಳಿದ ಕಾಗದವನ್ನು ಮಂತ್ರಿಗಳಿಗೂ ತಲುಪಿಸುವುದು ನನ್ನ ಕೆಲಸ. ಮಾತಿಲ್ಲ, ಮತವಿಲ್ಲ, ಕುಳಿತುಕೊಳ್ಳಲು ಕುರ್ಚಿಯೂ ಇಲ್ಲ. ಆದರೆ ಸವಣೂರಿನ ನಮ್ಮ ಮನೆಯಲ್ಲಿ ನಾನು ಗೃಹಮಂತ್ರಿಯಾಗುತ್ತೇನೆಂದು ಅದಾಗಲೇ ಹೇಳಿಬಿಟ್ಟಿದ್ದೆನು.

ನನ್ನ ತಂದೆ ಪರರ ತೋಟಗಳಲ್ಲಿ ಅಡಿಕೆ ಮರ ಏರಿ ಕೊನೆ ತೆಗೆಯುವವರು. ತಾಯಿ ಬೀಡಿ ಕಟ್ಟುವವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮಗ ಮಂತ್ರಿಯಾಗುವುದನ್ನು ನೋಡಬೇಕೆಂದು ತಾಯಿ ಆ ದಿನ ಬೀಡಿಯ ಸೂಪನ್ನು ಬದಿಗಿಟ್ಟು ಬಸ್ಸು ಹಿಡಿದು ಬಂದೇಬಿಟ್ಟರು. ಕೊನೆಯ ಬೆಂಚಿನಲ್ಲಿ ಕುಳಿತು ಎರಡು ಗಂಟೆಯ ಕಾಲ ನಾನು ಚೀಟಿ ಹಿಡಿದುಕೊಂಡು ಅತ್ತಿಂದಿತ್ತ ಓಡಾಡುವುದನ್ನು ನೋಡಿದರು. ನಾನು ಒಮ್ಮೆಯೂ ಆ ಕಡೆಗೆ ತಲೆಯೆತ್ತಿ ನೋಡಲಿಲ್ಲ. ಮರಳುವಾಗ ಬಸ್ಸಿನಲ್ಲಿ ಅವರು ಸುಳ್ಳಿನ ಮಾತೆತ್ತಲಿಲ್ಲ. ಕಾಗದಗಳೆಲ್ಲ ಸರಿಯಾದ ಕೈಗೇ ಸೇರಿದವೋ ಎಂದಷ್ಟೇ ಕೇಳಿದರು. ಸೇರಿದವು ಎಂದು ಹೇಳಿ ನಾನು ಕಿಟಕಿಯ ಹೊರಗೆ ನೋಡತೊಡಗಿದೆನು.

ನನ್ನ ಮುಖ ಸಣ್ಣದಾಗಿದ್ದುದನ್ನು ನಮ್ಮ ಉಪನ್ಯಾಸಕರು ಗಮನಿಸಿದ್ದಿರಬೇಕು. ಮರುದಿನ ನನ್ನನ್ನು ಕರೆದು, ಈ ಕೆಲಸವನ್ನು ಹಗುರವಾಗಿ ಕಾಣಬಾರದೆಂದು ಹೇಳಿ ಅಮೆರಿಕದ ಒಂದು ಪದ್ಧತಿಯನ್ನು ವಿವರಿಸಿದರು. ಅಲ್ಲಿಯ ರಾಷ್ಟ್ರೀಯ ಶಾಸನಸಭೆಯಲ್ಲಿ ಹೈಸ್ಕೂಲಿನ ವಿದ್ಯಾರ್ಥಿಗಳೇ ಈ ಓಡಾಟವನ್ನು ಮಾಡುತ್ತ ಬಂದಿದ್ದಾರಂತೆ. ಅವರಿಗೆ ಪೇಜ್ ಎಂದು ಹೆಸರು. ಪುಸ್ತಕದ ಪುಟಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಂದೆ ಯೂರೋಪಿನ ಅರಸರ ಮನೆಗಳಲ್ಲಿ ಊಳಿಗಕ್ಕಿದ್ದ ಹುಡುಗರ ಹೆಸರೇ ಅದು. 1829ರಲ್ಲಿ ಡೇನಿಯಲ್ ವೆಬ್‌ಸ್ಟರ್ ಎಂಬ ಸೆನೆಟರು ಗ್ರಾಫ್ಟನ್ ಹ್ಯಾನ್ಸನ್ ಎಂಬ 9 ವರ್ಷದ ಹುಡುಗನನ್ನು ಸೆನೆಟ್ ಸಭೆಯ ಮೊದಲ ಪೇಜನ್ನಾಗಿ ನೇಮಿಸಿದರು. ಹುಡುಗಿಯರಿಗೆ ಅಲ್ಲಿ ಈ ಅವಕಾಶ ದೊರೆಯಲು 1971ರ ವರೆಗೆ ಕಾಯಬೇಕಾಯಿತು. ಪ್ರತಿನಿಧಿಸಭೆಯವರು 2011ರಲ್ಲಿ ಈ ಪದ್ಧತಿಯನ್ನು ನಿಲ್ಲಿಸಿದರು. ಸೆನೆಟ್ ಸಭೆಯಲ್ಲಿ ಇಂದಿಗೂ ಉಂಟು. ಹದಿನಾರು ಹದಿನೇಳರ ಪ್ರಾಯದ ಆ ಮಕ್ಕಳು ಬೆಳಗಾಗುವುದರೊಳಗೆ ಎದ್ದು ತಮಗಾಗಿಯೇ ಇರುವ ಶಾಲೆಯಲ್ಲಿ ಪಾಠ ಕೇಳಿ, ಆಮೇಲೆ ಕಡುನೀಲಿ ಉಡುಪಿನಲ್ಲಿ ಸಭೆಗೆ ಹೋಗಿ ಮಸೂದೆಗಳನ್ನೂ ತಿದ್ದುಪಡಿಯ ಪ್ರತಿಗಳನ್ನೂ ಹಂಚುತ್ತಾರೆ. ಕೆನಡಾದ ಪಾರ್ಲಿಮೆಂಟಿನಲ್ಲಿ 1978ರಿಂದ ಈ ಕೆಲಸವನ್ನು ಮಾಡುವವರು ವಿಶ್ವವಿದ್ಯಾನಿಲಯದ ಮೊದಲ ವರ್ಷದ ವಿದ್ಯಾರ್ಥಿಗಳು. ನಮ್ಮ ಸಂಸತ್ತಿನಲ್ಲಿ ಇದನ್ನು ಸಂಬಳದ ಸಿಬ್ಬಂದಿಯವರೇ ಮಾಡುತ್ತಾರೆ. ಹಾಗೆ ಚೀಟಿ ಹೊತ್ತ ಹುಡುಗರಲ್ಲಿ ಆರ್ಥರ್ ಗಾರ್ಮನ್ ಎಂಬವರು ಮುಂದೆ ಅದೇ ಸಭೆಯ ಸದಸ್ಯರಾಗಿ ಬಂದು ಕುಳಿತರಂತೆ.

ಇದನ್ನು ಕೇಳಿ ನನಗೆ ಸಮಾಧಾನವಾಗಲಿಲ್ಲ. ಚೀಟಿ ಹೊತ್ತವನು ಕಡೆಗೆ ಸದಸ್ಯನಾದರೆ ತಾನೆ ಗೌರವ? ಚೀಟಿ ಹೊರುವುದರಲ್ಲೇ ಉಳಿದವನ ಗತಿಯೇನು? ಈ ಪ್ರಶ್ನೆಗೆ ಅವರು ಉತ್ತರ ಕೊಡದೆ, ಗ್ರಂಥಾಲಯಕ್ಕೆ ಹೋಗಿ ನಮ್ಮ ಜಿಲ್ಲೆಯವರೇ ಆದ ನರಸಿಂಗ ರಾಯರ ವಿಚಾರವನ್ನು ಓದಿಕೊಂಡು ಬಾ ಎಂದು ಕಳುಹಿಸಿದರು. ಹಾಗೆ ಓದಿಕೊಂಡದ್ದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಬೆನಗಲ್ ನರಸಿಂಗ ರಾಯರು 1887ರ ಫೆಬ್ರವರಿ 26ರಂದು ಜನಿಸಿದರು. ತಂದೆ ರಾಘವೇಂದ್ರ ರಾಯರು ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ನರಸಿಂಗ ರಾಯರು ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಇಡೀ ಮದ್ರಾಸು ಪ್ರಾಂತಕ್ಕೇ ಮೊದಲಿಗರಾದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದರು. ಜವಾಹರಲಾಲ ನೆಹರೂ ಅವರೂ ಅದೇ ಕಾಲದಲ್ಲಿ ಅಲ್ಲಿದ್ದರು. ಅಲ್ಲಿಯ ವ್ಯಾಸಂಗವನ್ನು 1909ರಲ್ಲಿ ಮುಗಿಸಿ, ಇಂಡಿಯನ್ ಸಿವಿಲ್ ಸರ್ವಿಸಿಗೆ ಆಯ್ಕೆಯಾಗಿ ಸ್ವದೇಶಕ್ಕೆ ಮರಳಿದರು. ಮದ್ರಾಸು ಪ್ರಾಂತದಲ್ಲಿ ನೆಂಟರಿಷ್ಟರು ಬಹಳ ಮಂದಿ ಇರುವುದರಿಂದ ಅಧಿಕಾರ ನಡೆಸುವಾಗ ಮುಜುಗರವಾದೀತೆಂದು ತಾವೇ ಕೇಳಿಕೊಂಡು ಬಂಗಾಳಕ್ಕೆ ಹೋದರೆಂದು ಅವರ ಚರಿತ್ರೆಯಲ್ಲಿ ಬರುತ್ತದೆ. ಶಿಫಾರಸಿಗಾಗಿ ಊರಿನವರನ್ನು ಹುಡುಕಿಕೊಂಡು ಹೋಗುವುದನ್ನು ನಿತ್ಯ ಕಾಣುವ ನಮಗೆ, ಶಿಫಾರಸಿನ ಭಯದಿಂದ ಊರನ್ನೇ ಬಿಟ್ಟವರ ಈ ಸಂಗತಿ ವಿಚಿತ್ರವಾಗಿ ತೋರದಿರದು.

ಆ ಮನೆಯ ಮಕ್ಕಳೆಲ್ಲ ಅಸಾಮಾನ್ಯರು. ತಮ್ಮಂದಿರಲ್ಲಿ ರಾಮ ರಾಯರು 1949ರಿಂದ 1957ರ ವರೆಗೆ ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದರು. ಶಿವ ರಾಯರು ಪತ್ರಿಕೋದ್ಯಮಿಗಳು; ಸಂವಿಧಾನ ಸಭೆಯ ಸದಸ್ಯರಾಗಿದ್ದು, 1952ರ ಮೊದಲ ಮಹಾಚುನಾವಣೆಯಲ್ಲಿ ದಕ್ಷಿಣ ಕನ್ನಡದಿಂದಲೇ ಲೋಕಸಭೆಗೆ ಆರಿಸಿಬಂದರು. ಇದನ್ನು ಓದಿದಾಗ ನನಗೂ ರಾಯರಿಗೂ ನಡುವಿನ ಅಂತರ ಎಷ್ಟೆಂಬುದು ಅರಿವಾಯಿತು. ಅವರು ವಿದ್ಯೆಯ ಮನೆಯಲ್ಲಿ ಹುಟ್ಟಿದವರು. ನಮ್ಮ ಮನೆಗೆ ವಿದ್ಯೆ ಬಂದದ್ದು ನನ್ನ ಶಾಲೆಯ ಚೀಲದಲ್ಲಿ. ಆದರೂ ಅವರ ಬಾಳಿನ ಮುಂದಿನ ಭಾಗ ನನ್ನನ್ನು ಹಿಡಿದು ನಿಲ್ಲಿಸಿತು.

1925ರಲ್ಲಿ ಸರಕಾರ ರಾಯರನ್ನು ಅಸ್ಸಾಮಿಗೆ ಕಳುಹಿಸಿತು. ಅಲ್ಲಿ ಸುಮಾರು ಎಂಟು ವರ್ಷ ಅವರು ಪ್ರಾಂತೀಯ ಶಾಸನಸಭೆಯ ಕಾರ್ಯದರ್ಶಿಗಳಾಗಿ ದುಡಿದರು. ಕಾನೂನು ಬೇಕೆನ್ನುವವರು ಸದಸ್ಯರು. ಆ ಬಯಕೆಗೆ ತಕ್ಕ ವಾಕ್ಯಗಳನ್ನು ಜೋಡಿಸುವವರು ಕಾರ್ಯದರ್ಶಿಗಳು. ಒಂದು ಅಲ್ಪವಿರಾಮ ತಪ್ಪಿದರೂ ಒಬ್ಬನ ಜಮೀನು ಹೋಗಬಹುದು, ಒಬ್ಬನಿಗೆ ಸೆರೆಮನೆಯಾಗಬಹುದು. ಆ ಸೂಕ್ಷ್ಮವಾದ ವಿದ್ಯೆ ಅವರಿಗೆ ಅಲ್ಲಿ ಕೈಗೂಡಿತು. 1935ರ ಭಾರತ ಸರಕಾರದ ಕಾಯದೆ ಬಂದ ಬಳಿಕ, ಅದಕ್ಕೆ ಹೊಂದುವಂತೆ ಹಳೆಯ ಕಾನೂನುಗಳನ್ನೆಲ್ಲ ತಿದ್ದುವ ಭಾರ ಅವರ ಮೇಲೆ ಬಿದ್ದಿತು. ಆಮೇಲೆ ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದರು. ಸಿಂಧೂ ನದಿಯ ನೀರಿಗಾಗಿ ಸಿಂಧ್ ಪ್ರಾಂತಕ್ಕೂ ಪಂಜಾಬಿಗೂ ಎದ್ದ ವ್ಯಾಜ್ಯವನ್ನು ವಿಚಾರಿಸಿದ ಆಯೋಗಕ್ಕೆ ಅವರೇ ಅಧ್ಯಕ್ಷರಾಗಿದ್ದರು.

1941ರಲ್ಲಿ ಹಿಂದೂ ಕಾನೂನನ್ನು ಪರಿಶೀಲಿಸಲು ಸರಕಾರ ನೇಮಿಸಿದ ಸಮಿತಿಗೂ ರಾಯರೇ ಅಧ್ಯಕ್ಷರು. 1944ರಲ್ಲಿ ಸಮಿತಿಯನ್ನು ಮತ್ತೆ ರಚಿಸಿದಾಗ ಅವರು ದೇಶವನ್ನೆಲ್ಲ ಸುತ್ತಿ, ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಬೇಕೆನ್ನುವವರ ಮಾತನ್ನೂ ಬೇಡವೆನ್ನುವವರ ಮಾತನ್ನೂ ಸಮಾನವಾಗಿ ಕೇಳಿ ಕರಡನ್ನು ಸಿದ್ಧಪಡಿಸಿದರು. ಮುಂದೆ ಆ ಮಸೂದೆಯನ್ನು ಸಭೆಯಲ್ಲಿ ಹೊತ್ತು ನಡೆದವರು ಡಾಕ್ಟರ್ ಅಂಬೇಡ್ಕರರು. ಅದು ಮುಂದೆ ಸಾಗದೆ ನಿಂತುದು 1951ರಲ್ಲಿ ಅವರು ಮಂತ್ರಿಪದವಿಗೆ ರಾಜೀನಾಮೆ ಕೊಡಲು ಒಂದು ಮುಖ್ಯ ಕಾರಣವಾಯಿತು. ಕಡೆಗೆ 1955 ಮತ್ತು 1956ರಲ್ಲಿ ಅದು ನಾಲ್ಕು ಕಾಯದೆಗಳಾಗಿ ಜಾರಿಗೆ ಬಂದಿತು. ಒಬ್ಬರು ಬರೆದ ಕಾಗದ, ಇನ್ನೊಬ್ಬರ ಹೋರಾಟ, ಮತ್ತೊಂದು ಸಭೆಯ ಒಪ್ಪಿಗೆ. ಇಷ್ಟೆಲ್ಲ ಸೇರಿದ ಮೇಲೆಯೇ ಕಾನೂನು ಆಗುತ್ತದೆಂಬುದು ನನಗೆ ಇದರಿಂದ ತಿಳಿಯಿತು.

ಸೇವೆಯಿಂದ ನಿವೃತ್ತರಾಗಿ, ಸ್ವಲ್ಪ ಕಾಲ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಗಳಾಗಿದ್ದ ರಾಯರನ್ನು 1946ರ ಜುಲೈಯಲ್ಲಿ ಸಂವಿಧಾನ ಸಭೆಯ ಸಲಹೆಗಾರರನ್ನಾಗಿ ನೇಮಿಸಲಾಯಿತು. ಆ ಕೆಲಸಕ್ಕೆ ಅವರು ಸಂಬಳ ತೆಗೆದುಕೊಳ್ಳಲಿಲ್ಲ. ಅದೇ ವರ್ಷದ ಡಿಸೆಂಬರ್ 9ರಂದು ದೆಹಲಿಯಲ್ಲಿ ಸಭೆ ಮೊದಲ ಬಾರಿಗೆ ಸೇರಿತು. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಸಭೆಯ ಸದಸ್ಯತ್ವ ಇದ್ದುದು ತಮ್ಮನಾದ ಶಿವ ರಾಯರಿಗೆ, ಅಣ್ಣನಿಗಲ್ಲ. ದೇಶದ ಮೂಲ ಕಾನೂನಿಗೆ ತಳಪಾಯದ ಕಾಗದವನ್ನು ಬರೆದುಕೊಟ್ಟ ಮನುಷ್ಯನಿಗೆ ಆ ಕಾನೂನಿನ ಒಂದೇ ಒಂದು ವಾಕ್ಯದ ಮೇಲೂ ಕೈಯೆತ್ತಿ ಮತ ಕೊಡುವ ಹಕ್ಕಿರಲಿಲ್ಲ. ಸದಸ್ಯರ ಹಾಗೆ ಎದ್ದು ನಿಂತು ವಾದಿಸುವ ಹಕ್ಕೂ ಇರಲಿಲ್ಲ. ಆ ಮಟ್ಟಿಗೆ ಅವರೂ ಆ ಮಹಾಸಭೆಯ ಒಬ್ಬ ಪೇಜೇ ಎಂದು ನಾನು ಅಂದುಕೊಂಡೆನು. ಈ ಹೋಲಿಕೆ ಉದ್ಧಟತನವೆಂದು ತೋರಿದರೆ ಹಿರಿಯರು ಕ್ಷಮಿಸಬೇಕು.

ಆದರೆ ಅವರು ಹೊತ್ತ ಕಾಗದ ಎಂಥದು! ಬೇರೆ ಬೇರೆ ದೇಶಗಳ ಸಂವಿಧಾನಗಳಲ್ಲಿ ಯಾವ ಪ್ರಶ್ನೆಗೆ ಯಾವ ಉತ್ತರವಿದೆ ಎಂಬುದನ್ನು ಸಂಗ್ರಹಿಸಿ ಮೂರು ಸಂಪುಟಗಳನ್ನಾಗಿ ಮಾಡಿ ಸದಸ್ಯರ ಕೈಗಿತ್ತರು. 1947ರ ಮಾರ್ಚಿಯಲ್ಲಿ ಪ್ರಶ್ನಾವಳಿಯೊಂದನ್ನು ಸದಸ್ಯರಿಗೆ ಕಳುಹಿಸಿ, ರಾಷ್ಟ್ರಪತಿಯ ಆಯ್ಕೆ ಹೇಗಿರಬೇಕು, ಮಂತ್ರಿಮಂಡಲ ಹೇಗಿರಬೇಕು ಎಂದು ಅವರಿಂದಲೇ ಅಭಿಪ್ರಾಯ ಕೇಳಿದರು. ಸಮಿತಿಗಳ ತೀರ್ಮಾನಗಳನ್ನೆಲ್ಲ ಒಟ್ಟುಮಾಡಿ ಆ ವರ್ಷದ ಅಕ್ಟೋಬರಿನಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದ ಕರಡನ್ನು ಒಪ್ಪಿಸಿದರು. ನೆರೆಯ ಬರ್ಮಾ ದೇಶದವರು ತಮ್ಮ ಸಂವಿಧಾನವನ್ನು ರಚಿಸುವಾಗಲೂ ಇವರ ನೆರವನ್ನು ಪಡೆದರು.

ಕರಡನ್ನು ಒಪ್ಪಿಸಿದ ಮೇಲೆ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿಯ ಕಾನೂನು ಪಂಡಿತರನ್ನು ಕಂಡು ಬಂದರು. ಹುಡುಗರು ಚೀಟಿ ಹಿಡಿದು ಓಡಾಡುತ್ತಿದ್ದ ಅದೇ ವಾಷಿಂಗ್ಟನ್ನಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೀಲಿಕ್ಸ್ ಫ್ರಾಂಕ್‌ಫರ್ಟರರನ್ನು ಭೇಟಿಯಾದರು. ಮನುಷ್ಯನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವ ಕಾನೂನು ನ್ಯಾಯವೋ ಅನ್ಯಾಯವೋ ಎಂದು ತೂಗುವ ಅಧಿಕಾರವನ್ನು ಕೋರ್ಟುಗಳಿಗೆ ಕೊಡುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲವೆಂದೂ ನ್ಯಾಯಾಧೀಶರಿಗೆ ಹೊರಲಾರದ ಹೊರೆಯಾಗುತ್ತದೆಂದೂ ಆ ನ್ಯಾಯಮೂರ್ತಿಗಳ ಅಭಿಪ್ರಾಯ. ರಾಯರು ಅದನ್ನು ದೆಹಲಿಗೆ ಹೊತ್ತುತಂದರು. ಕರಡು ಸಮಿತಿಯವರು ಅಮೆರಿಕದ ಮಾತನ್ನು ಬಿಟ್ಟು, ಕಾನೂನು ವಿಧಿಸಿದ ಕಾರ್ಯವಿಧಾನ ಎಂಬ ಮಾತನ್ನು ಜಪಾನಿನ ಸಂವಿಧಾನದಿಂದ ತೆಗೆದುಕೊಂಡರು. ಅದೇ ಇಂದಿನ 21ನೆಯ ವಿಧಿ.

ಇದರ ಪರಿಣಾಮ ಬೇಗನೆ ಕಾಣಿಸಿತು. ಮುಂದೆ ನಮ್ಮ ನೆರೆಯ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿಹೋದ ಎ. ಕೆ. ಗೋಪಾಲನ್ ಅವರು ವಿಚಾರಣೆಯಿಲ್ಲದೆ ಬಂಧನದಲ್ಲಿದ್ದಾಗ ಸುಪ್ರೀಂ ಕೋರ್ಟಿಗೆ ಮೊರೆಯಿಟ್ಟರು. ಕಾನೂನೊಂದು ಇದೆಯಲ್ಲ, ಅದು ಸಾಕು ಎಂಬಂತಹ ಅರ್ಥವನ್ನು ಕೋರ್ಟು 1950ರಲ್ಲಿ ಮಾಡಿತು. ಆ ವಿಧಿಯ ಕೊರತೆಯನ್ನು ತುಂಬಲೆಂದೇ ಅಂಬೇಡ್ಕರರು 22ನೆಯ ವಿಧಿಯನ್ನು ತಂದಿದ್ದರೂ ಅದು ಸಾಲಲಿಲ್ಲ. ಕಾರ್ಯವಿಧಾನ ನ್ಯಾಯಯುತವಾಗಿಯೂ ಇರಬೇಕೆಂದು ಕೋರ್ಟು ಹೇಳಿದುದು 1978ರಲ್ಲಿ, ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ. ರಾಯರ ಜೀವನದಲ್ಲಿ ನಾನು ಬಹಳ ಹೊತ್ತು ಯೋಚಿಸಿದ ಸಂಗತಿ ಇದು. ಕಾಗದ ಹೊರುವವನ ಕೈಯಲ್ಲಿ ಅಷ್ಟೊಂದು ಶಕ್ತಿ ಇರುವುದರಿಂದಲೇ ಅವನು ಕಾಗದವನ್ನು ಓದಬಲ್ಲವನೂ ತೂಗಬಲ್ಲವನೂ ಆಗಿರಬೇಕು. ಅಂಥ ಪಂಡಿತರೂ ಎಲ್ಲವನ್ನೂ ಮುಂಗಾಣಲಾರದೆ ಹೋದರೆಂದರೆ, ಮತಕ್ಕೆ ಹಾಕುವ ಸಭೆಯೂ ಮತ್ತೆ ವಿಚಾರಿಸುವ ಕೋರ್ಟೂ ಏಕೆ ಬೇಕೆಂಬುದು ತಿಳಿಯುತ್ತದೆ.

ಸಂವಿಧಾನವನ್ನು ಬರೆದವರು ಅಂಬೇಡ್ಕರರೋ ರಾಯರೋ ಎಂಬ ಜಗಳವನ್ನು ನಮ್ಮ ಹಾಸ್ಟೆಲಿನಲ್ಲಿಯೂ ಕೇಳಿದ್ದೇನೆ. ಒಬ್ಬರನ್ನು ಸಣ್ಣವರನ್ನಾಗಿ ಮಾಡುವುದಕ್ಕಾಗಿ ಇನ್ನೊಬ್ಬರನ್ನು ಎತ್ತಿಹಿಡಿಯುವುದು ಇಬ್ಬರಿಗೂ ಅವಮಾನ. ರಾಯರ ಕರಡಿನಲ್ಲಿದ್ದುದು 243 ವಿಧಿಗಳು. ಅಂಬೇಡ್ಕರರು ಅಧ್ಯಕ್ಷರಾಗಿದ್ದ ಕರಡು ಸಮಿತಿ 1947ರ ಆಗಸ್ಟ್ 29ರಂದು ನೇಮಕವಾಗಿ ಅದನ್ನು ಮತ್ತೆ ಬರೆದು 315 ವಿಧಿಗಳನ್ನಾಗಿ ಮಾಡಿತು. ಸಭೆಗೆ 7,635 ತಿದ್ದುಪಡಿಗಳು ಬಂದವು. ಅವುಗಳಲ್ಲಿ 2,473 ಮಂಡನೆಯಾದವು. ಅವಕ್ಕೆಲ್ಲ ಎದ್ದು ನಿಂತು ಉತ್ತರ ಕೊಡುವ ಹೊಣೆ, ಅನಾರೋಗ್ಯದ ನಡುವೆಯೂ, ಹೆಚ್ಚಾಗಿ ಅಂಬೇಡ್ಕರರ ಮೇಲೆಯೇ ಬಿದ್ದಿತು. ಕಡೆಗೆ 395 ವಿಧಿಗಳ ಸಂವಿಧಾನವನ್ನು ಸಭೆ 1949ರ ನವೆಂಬರ್ 26ರಂದು ಅಂಗೀಕರಿಸಿತು. ಅದರ ಹಿಂದಿನ ದಿನ ಮಾಡಿದ ಭಾಷಣದಲ್ಲಿ ಅಂಬೇಡ್ಕರರು, ತಮಗೆ ಸಲ್ಲಿಸುತ್ತಿರುವ ಗೌರವ ತಮ್ಮೊಬ್ಬರದೇ ಅಲ್ಲವೆಂದೂ ಅದರಲ್ಲಿ ಒಂದು ಪಾಲು ನರಸಿಂಗ ರಾಯರಿಗೆ ಸಲ್ಲಬೇಕೆಂದೂ ತುಂಬಿದ ಸಭೆಯಲ್ಲಿ ಹೇಳಿದರು. ಕರಡು ಬರೆಯುವ ಕೆಲಸದಲ್ಲಿ ದುಡಿದ ಎಸ್. ಎನ್. ಮುಖರ್ಜಿಯವರನ್ನೂ ಸ್ಮರಿಸಿದರು. ಕೊಟ್ಟವರೂ ಪಡೆದವರೂ ಜಗಳವಾಡಲಿಲ್ಲ, ನಾವು ಆಡುತ್ತಿದ್ದೇವೆ.

ಆ ಹೊತ್ತಿಗೆ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಗಳಾಗಿ ಹೋಗಿದ್ದರು. 1950ರ ಜೂನಿನಲ್ಲಿ ಕೊರಿಯಾದ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. ಜೂನ್ 27ರಂದು ದಕ್ಷಿಣ ಕೊರಿಯಾಕ್ಕೆ ನೆರವು ಕೊಡಬೇಕೆಂಬ ನಿರ್ಣಯ ಬಂದಾಗ ದೆಹಲಿಯಿಂದ ಆದೇಶ ಇನ್ನೂ ತಲುಪಿರಲಿಲ್ಲ. ಆದ್ದರಿಂದ ಅಧ್ಯಕ್ಷಪೀಠದಲ್ಲಿದ್ದ ಮನುಷ್ಯನೇ ಆ ದಿನ ಮತ ಕೊಡಲಿಲ್ಲ. ಜಗತ್ತೇ ನೋಡುತ್ತಿರುವಾಗ ತನ್ನ ಬುದ್ಧಿಯನ್ನು ಮೆರೆಸುವ ಆಸೆ ಯಾರಿಗೆ ಇರುವುದಿಲ್ಲ? ತಾವು ಹೊತ್ತಿರುವುದು ತಮ್ಮ ಮತವಲ್ಲ, ದೇಶದ ಮತ ಎಂಬುದನ್ನು ಅವರು ಮರೆಯಲಿಲ್ಲ. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಪದವಿಯಲ್ಲಿ ಎರಡು ವರ್ಷ ತುಂಬುವ ಮೊದಲೇ, 1953ರ ನವೆಂಬರ್ 30ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ ನಿಧನ ಹೊಂದಿದರು. ಅವರ ಟಿಪ್ಪಣಿಗಳನ್ನೂ ಲೇಖನಗಳನ್ನೂ ಸಂಗ್ರಹಿಸಿ 1960ರಲ್ಲಿ ಪುಸ್ತಕವಾಗಿ ಹೊರತಂದವರು, ಸಭೆಯಲ್ಲಿ ಮತವಿದ್ದ ತಮ್ಮ ಶಿವ ರಾಯರು.

ಈಗ ನನ್ನ ಮಾತಿಗೆ ಮರಳುತ್ತೇನೆ. ನನ್ನ ಅಜ್ಜ ಉಗ್ರಾಣಿಯಾಗಿದ್ದರು. ಶ್ಯಾನುಭಾಗರು ಕೊಟ್ಟ ನೋಟೀಸನ್ನು ಹಿಡಿದುಕೊಂಡು ಮಳೆಗಾಲದಲ್ಲಿ ತೋಡು ದಾಟಿ ಬರಿಗಾಲಿನಲ್ಲಿ ಮನೆಮನೆಗೆ ಹೋಗುತ್ತಿದ್ದರು. ಅದರಲ್ಲಿ ಏನು ಬರೆದಿದೆ ಎಂದು ಯಾರಾದರೂ ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ, ಅಕ್ಷರ ಬಾರದು. ಒಬ್ಬಾಕೆಗೆ ಗದ್ದೆ ಬಿಟ್ಟುಕೊಡಬೇಕೆಂಬ ನೋಟೀಸನ್ನು ತಾನೇ ಒಯ್ದು ಕೊಟ್ಟು, ಅವಳ ಕೈಯಿಂದ ಮಜ್ಜಿಗೆ ಕುಡಿದು ಬಂದಿದ್ದೆನೆಂದು ಮುಪ್ಪಿನಲ್ಲಿಯೂ ಹೇಳಿ ನೊಂದುಕೊಳ್ಳುತ್ತಿದ್ದರು. ಚೀಟಿ ಹಿಡಿದು ನಿಂತ ದಿನ ನನಗಾದ ನಾಚಿಕೆ ಮಂತ್ರಿಯಾಗಲಿಲ್ಲವೆಂಬುದಕ್ಕಲ್ಲ; ಅಜ್ಜನ ಕೆಲಸವೇ ನನ್ನ ಪಾಲಿಗೂ ಬಂದಿತಲ್ಲ ಎಂಬುದಕ್ಕೆ. ಅದನ್ನು ಈಗ ತಿಳಿದುಕೊಂಡಿದ್ದೇನೆ. ಆದರೆ ಕೆಲಸ ಅದೇ ಆದರೂ ಒಂದು ವ್ಯತ್ಯಾಸವಿದೆ. ನಾನು ಹೊತ್ತ ಚೀಟಿಯನ್ನು ನಾನು ಓದಬಲ್ಲೆನು. ರಾಯರ ಬದುಕು ನನಗೆ ಕಲಿಸಿದುದು ಇದನ್ನೇ: ಹೊರುವುದರಲ್ಲಿ ಹೀನತೆಯಿಲ್ಲ, ಹೊತ್ತದ್ದೇನೆಂದು ಅರಿತಿರಬೇಕು, ಅರಿತ ಮೇಲೆಯೂ ಅದು ನನ್ನದೆಂದು ಹೇಳಿಕೊಳ್ಳಬಾರದು.

ಈ ವರ್ಷ ಪರೀಕ್ಷೆ ಮುಗಿದ ಮೇಲೆ ನಾನು ಗ್ರಾಮ ಆಡಳಿತಾಧಿಕಾರಿಯ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದೇನೆ. ಕಾಗದ ತಿರುವುವ ಕೆಲಸಕ್ಕೆ ಬಿ.ಎ. ಯಾಕೆಂದು ಕೆಲವು ಮಿತ್ರರು ನಗುತ್ತಾರೆ. ನಗಲಿ. ನೋಟೀಸನ್ನು ಕೈಗೆ ಕೊಡುವ ಮೊದಲು ಅದನ್ನು ಓದಿ, ಅದರ ಅರ್ಥವೇನು, ಎಷ್ಟು ದಿನದೊಳಗೆ ಎಲ್ಲಿಗೆ ಅಪೀಲು ಹೋಗಬಹುದು ಎಂದು ತಿಳಿಸಿ ಹೇಳುವವನೊಬ್ಬನು ನಮ್ಮೂರಿನ ಕಡೆ ಅಂದು ಇದ್ದಿದ್ದರೆ ಆ ಹೆಂಗಸಿನ ಗದ್ದೆ ಉಳಿಯುತ್ತಿತ್ತೋ ಏನೋ.

ಈ ಲೇಖನವನ್ನು ಬರೆದು ಮುಗಿಸಿದ ರಾತ್ರಿ ತಾಯಿಯ ಬಳಿ ಕುಳಿತು ಗೃಹಮಂತ್ರಿಯ ಸುಳ್ಳನ್ನು ಒಪ್ಪಿಕೊಂಡೆನು. ಅವರು ಎಲೆ ಕತ್ತರಿಸುವುದನ್ನು ನಿಲ್ಲಿಸದೆಯೇ, ಬೀಡಿಯ ಬ್ರಾಂಚಿನಲ್ಲಿ ಲೆಕ್ಕದ ಪುಸ್ತಕ ಬರೆಯುವವನು ಒಂದು ಅಂಕೆ ತಪ್ಪಿದರೆ ಒಂದು ಮನೆಯ ವಾರದ ಅಕ್ಕಿ ತಪ್ಪುತ್ತದೆ, ಅಂಥ ಕೆಲಸ ಮಂತ್ರಿಯದಕ್ಕಿಂತ ಸಣ್ಣದೇನಲ್ಲ ಎಂದರು. ನರಸಿಂಗ ರಾಯರ ಹೆಸರನ್ನು ಅವರು ಕೇಳಿದವರಲ್ಲ. ಮರುದಿನ ಸಂಜೆ ಬೀಡಿಯ ಕಟ್ಟುಗಳನ್ನು ಬ್ರಾಂಚಿಗೆ ಒಯ್ದವನು ನಾನೇ. ಪುಸ್ತಕದಲ್ಲಿ ಬರೆದ ಅಂಕೆಯನ್ನು ಎರಡು ಸಲ ಓದಿ ನೋಡಿಯೇ ಮನೆಗೆ ಬಂದೆನು.